ಸಣ್ಣ ಕರುಳಿನ ರೊಟ್ಟಿ ಪಂಚಮಿ

ಡಾಕಪ್ಪನ ಹೊಟ್ಟೆ ಮಾತಾಡಲು ಶುರುಮಾಡಿ ಆರು ವರ್ಷವಾಗಿತ್ತು. ಮೊದಮೊದಲು ಊಟವಾದ ಮೇಲೆ ಒಂದೆರಡು ಮಾತು, ಅಷ್ಟೇ. ಆಮೇಲೆ ಊಟಕ್ಕೆ ಮೊದಲೂ ಶುರುವಾಯಿತು. ಈಚೆಗಂತೂ ಹಾವೇರಿಯಿಂದ ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಅದು ಗುರ್ ಎಂದರೆ ಪಕ್ಕದಲ್ಲಿ ಕೂತವರು ತಮ್ಮ ಮೊಬೈಲು ತೆಗೆದು ನೋಡಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ ಡಾಕಪ್ಪನೂ ತನ್ನ ಮೊಬೈಲು ತೆಗೆದು ನೋಡುತ್ತಿದ್ದ. ಒಬ್ಬನೇ ಸುಮ್ಮನೆ ಕೂತರೆ ಅನುಮಾನ ಬರುತ್ತದಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅವನು ಒಂದು ದಲಾಲಿ ಅಂಗಡಿಯ ಗುಮಾಸ್ತ. ರೈತರು ತಂದು ಸುರಿದ ಪ್ರತಿ ರಾಶಿಗೂ ಚೀಟಿ ಬರೆದಿಡುವುದು ಅವನ ಕೆಲಸ. ಲಾಟ್ ನಂಬರು ಎಷ್ಟು, ಮಾಲು ಡಬ್ಬಿ ಜಾತಿಯದೋ ಕಡ್ಡಿ ಜಾತಿಯದೋ, ತಂದವರು ಯಾರು, ಯಾರಿಗೆ ಹೋಗಬೇಕು, ಕೊನೆಗೆ ಷರಾ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಮೆಣಸಿನಕಾಯಿ ಇನ್ನೊಬ್ಬರ ಚೀಲಕ್ಕೆ ಹೋದದ್ದಿಲ್ಲ. ಇದನ್ನು ಅವನು ಯಾರ ಮುಂದೆಯೂ ಹೇಳಿಕೊಂಡವನಲ್ಲ. ಹೇಳಿಕೊಂಡ ಮರುದಿನವೇ ಒಂದು ಹೋಗಿಬಿಟ್ಟರೆ ಏನು ಗತಿ ಎಂಬುದು ಅವನ ಭಯ.

ಹೊಟ್ಟೆಗೂ ಅವನು ಇಷ್ಟೇ ನಿಷ್ಠೆಯಿಂದ ಔಷಧ ಮಾಡಿದ್ದ. ಔಷಧಿ ಅಂಗಡಿಯವನು ಒಮ್ಮೆ ಕೊಟ್ಟ ಗ್ಯಾಸಿನ ಗುಳಿಗೆಯನ್ನು ಆರು ವರ್ಷ ಒಂದು ದಿನವೂ ತಪ್ಪಿಸದೆ ನುಂಗಿದ. ನಿಲ್ಲಿಸು ಎಂದು ಆತ ಹೇಳಿರಲಿಲ್ಲ. ಕೊನೆಗೊಂದು ದಿನ ಅಗಡಿಯಲ್ಲಿ ಹೆಂಡತಿ ಮಂಗಳವ್ವನ ಕಡೆಯ ಹಿರಿಯರೊಬ್ಬರು ತೀರಿಕೊಂಡರು. ಮಾತಾಡಿಸಲು ಹೋದಾಗ ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ಕೂತಿದ್ದರು. ಆ ಮೌನದಲ್ಲಿ ಡಾಕಪ್ಪನ ಹೊಟ್ಟೆ ಎರಡು ನಿಮಿಷ ಸವಿಸ್ತಾರವಾಗಿ ಮಾತಾಡಿತು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು, ಯಾರೋ ಹೊರಗೆ ಗಾಡಿ ಚಾಲೂ ಮಾಡಿದರು ನೋಡಿ ಎಂದು ಹುಡುಗರನ್ನು ಕಳಿಸಿದಳು. ಮರುದಿನವೇ ಮಂಗಳವ್ವ ಗಂಡನನ್ನು ರಾಣೆಬೆನ್ನೂರಿನ ಹೊಟ್ಟೆಯ ಡಾಕ್ಟರ ಬಳಿಗೆ ಹೊರಡಿಸಿದಳು.

ಡಾಕ್ಟರ್ ಬೇನಜೀರ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಚುರುಕು. ಬರಿಹೊಟ್ಟೆಯಲ್ಲಿ ಬರಹೇಳಿ, ಒಂದು ಲೋಟ ಸಿಹಿನೀರು ಕುಡಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಯಂತ್ರದ ಕೊಳವೆಯೊಳಗೆ ಊದಿಸಿದರು. ಉಸಿರಿನಲ್ಲಿ ಎಷ್ಟು ಗಾಳಿ ಬರುತ್ತದೆ ಎಂಬುದರ ಪರೀಕ್ಷೆಯದು. ಪರೀಕ್ಷೆ ಎಂಬ ಶಬ್ದ ಕೇಳಿದ್ದೇ ಡಾಕಪ್ಪ ಎದೆಯುಬ್ಬಿಸಿ, ಕಣ್ಣು ಮುಚ್ಚಿ, ಕಿವಿ ಕೆಂಪಾಗುವಂತೆ ಊದಿದ.

“ಹಗೂರ್ಕ ಊದ್ರಿ ಡಾಕಪ್ಪಾರ, ಇದು ಶಂಖ ಅಲ್ಲ” ಎಂದರು ಡಾಕ್ಟರು.

ಎರಡು ತಾಸಿನ ಮೇಲೆ ಯಂತ್ರ ಅರವತ್ತನಾಲ್ಕು ಎಂದು ತೋರಿಸಿತು. ಅರವತ್ತನಾಲ್ಕೆಂದರೆ ಪಾಸೇನ್ರಿ ಎಂದು ಡಾಕಪ್ಪ ಕೇಳಿದ. ಈ ಪರೀಕ್ಷೆಯಲ್ಲಿ ಕಡಿಮೆ ಬಂದವರೇ ಪಾಸು ಎಂದು ಡಾಕ್ಟರು ತಿಳಿಸಿ ಹೇಳಿದರು. ದೊಡ್ಡ ಕರುಳಿನಲ್ಲಿ ಇರಬೇಕಾದ ಬ್ಯಾಕ್ಟೀರಿಯಾ ಸಣ್ಣ ಕರುಳಿನಲ್ಲಿ ಮಿತಿಮೀರಿ ಬೆಳೆದಿವೆ. ಇವನು ಉಂಡದ್ದನ್ನು ಅವು ಹುಳಿಸಿ ಗಾಳಿ ಮಾಡುತ್ತವೆ. ಆರು ವರ್ಷ ಗ್ಯಾಸಿನ ಗುಳಿಗೆ ನುಂಗಿ ಹೊಟ್ಟೆಯ ಆಮ್ಲ ಕಡಿಮೆಯಾದದ್ದೂ ಅವಕ್ಕೆ ಅನುಕೂಲವಾಗಿರಬಹುದು. ಇನ್ನು ಹದಿನಾಲ್ಕು ದಿನ, ದಿನಕ್ಕೆ ಮೂರು ಗುಳಿಗೆ, ಜೊತೆಗೆ ಪಥ್ಯ. ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ. ಏನಾದರೂ ಅನುಮಾನ ಬಂದರೆ ಫೋನು ಮಾಡಿ ಎಂದು ಪಥ್ಯದ ಚೀಟಿಯ ಮೇಲೆ ನಂಬರನ್ನೂ ಬರೆದುಕೊಟ್ಟರು.

ಅನುಮಾನ ಬಾರದ ಗಳಿಗೆಯೇ ಡಾಕಪ್ಪನ ಬಾಳಿನಲ್ಲಿ ಇರಲಿಲ್ಲ. ಆದರೆ ದೊಡ್ಡವರಿಗೆ ಫೋನು ಮಾಡುವುದು ಅವನಿಂದ ಆಗದ ಕೆಲಸ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ, ಹಾಲು, ಎಲ್ಲ ಬಗೆಯ ಕಾಳು ಬೇಳೆ ಬಿಟ್ಟ. ರೊಟ್ಟಿಯನ್ನೂ ಬಿಟ್ಟ. ಅನ್ನಕ್ಕೆ ತುಪ್ಪ ಉಪ್ಪು ಕಲಸಿಕೊಂಡು, ಪಕ್ಕದಲ್ಲಿ ನಾಲ್ಕು ಹೋಳು ಗಜ್ಜರಿ ಇಟ್ಟುಕೊಂಡು ಉಂಡ. ಐದನೆಯ ದಿನಕ್ಕೆ ಹೊಟ್ಟೆಯ ಮಾತು ಪಿಸುಮಾತಾಯಿತು. ಎಂಟನೆಯ ದಿನ ಬಸ್ಸಿನಲ್ಲಿ ಯಾರೂ ಮೊಬೈಲು ತೆಗೆಯಲಿಲ್ಲ.

ಈ ಸಂಗತಿ ಓಣಿಯಲ್ಲಿ ಯಾರಿಗೂ ಗೊತ್ತಾಗದಂತೆ ಗಂಡ ಹೆಂಡತಿ ಎಚ್ಚರ ವಹಿಸಿದ್ದರು. ಓಣಿಗೆಂದರೆ, ಮುಖ್ಯವಾಗಿ ನೀಲಗಂಗವ್ವನಿಗೆ. ಅವರಿದ್ದ ಎರಡು ಕೋಣೆಯ ಮನೆ ನೀಲಗಂಗವ್ವನದು. ಹಿಂದಿನ ಭಾಗದಲ್ಲಿ ಅವಳು, ಮುಂದಿನ ಭಾಗದಲ್ಲಿ ಇವರು, ನಡುವೆ ಇಬ್ಬರಿಗೂ ಸೇರಿ ಒಂದೇ ನಳ. ಕರೋನಾ ಕಾಲದಲ್ಲಿ ಹಾಲಿನ ಪಾಕೀಟಿಗೆ ಸಾಬೂನು ಹಚ್ಚಿ ತೊಳೆದು ಹಗ್ಗದ ಮೇಲೆ ಒಣಹಾಕುತ್ತಿದ್ದ ಹೆಂಗಸು ಅವಳು. ಬಾಡಿಗೆದಾರನ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಎಂದು ಕಿವಿಗೆ ಬಿದ್ದರೆ ನಳದ ಗತಿಯೇನು, ಮನೆಯ ಗತಿಯೇನು? ಅವಳ ಮಗ ವೀರೇಂದ್ರ ಆಗಲೇ ಎರಡು ವರ್ಷದಿಂದ ಮುಂದಿನ ಭಾಗ ಖಾಲಿ ಮಾಡಿಸಿ ಶಟರ್ ಹಾಕಿಸಿ ಮೊಬೈಲ್ ಅಂಗಡಿ ತೆಗೆಯಬೇಕೆಂದು ಕಾಯುತ್ತಿದ್ದ. ನಾನಿರುವ ತನಕ ಡಾಕಪ್ಪ ಇರುತ್ತಾನೆ ಎಂದು ನೀಲಗಂಗವ್ವ ಹೇಳುತ್ತಿದ್ದ ಒಂದೇ ಮಾತಿನ ಮೇಲೆ ಆ ಸಂಸಾರ ನಿಂತಿತ್ತು. ಮಗಳು ಶ್ವೇತಾ ಈ ವರ್ಷ ಹತ್ತನೆಯ ತರಗತಿ. ಶಾಲೆ ಎರಡೇ ಓಣಿಯ ಆಚೆ.

ಹತ್ತನೆಯ ದಿನ ಬಂದದ್ದು ರೊಟ್ಟಿ ಪಂಚಮಿ.

ನಾಗರ ಪಂಚಮಿಯ ಮುಂಚೆ ಆ ಭಾಗದಲ್ಲಿ ಮನೆಮನೆಯಲ್ಲೂ ರೊಟ್ಟಿ ಬಡಿದು, ಮೂರ್ನಾಲ್ಕು ಬಗೆಯ ಕಾಳಿನ ಪಲ್ಯ, ಎಣಗಾಯಿ, ಚಟ್ನಿ ಮಾಡಿ, ತಾಟಿನಲ್ಲಿಟ್ಟು ನೆರೆಮನೆಗಳಿಗೆ ಹಂಚುತ್ತಾರೆ. ಜಾತಿ ಮತ ಕೇಳುವುದಿಲ್ಲ. ತಾಟು ಬಂದ ಮನೆಯವರು ತಮ್ಮ ಮನೆಯ ರೊಟ್ಟಿ ಪಲ್ಯ ಇಟ್ಟು ಅದನ್ನು ಹಿಂದಿರುಗಿಸಬೇಕು. ಬರಿ ತಾಟು ಕೊಟ್ಟರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಡಾಕ್ಟರ ಚೀಟಿಯಲ್ಲಿ ಬೇಡವೆಂದು ಬರೆದ ಅಷ್ಟೂ ಪದಾರ್ಥಗಳನ್ನು ಒಂದೇ ತಾಟಿನಲ್ಲಿ ನೋಡಬೇಕೆನ್ನುವವರು ಆ ದಿನ ಹಾವೇರಿಗೆ ಬರಬೇಕು.

ಪ್ರತಿ ವರ್ಷ ಈ ಕೆಲಸ ಮಂಗಳವ್ವನದು. ಈ ಸಲ ಹಿಂದಿನ ದಿನವೇ ಅಗಡಿಯಲ್ಲಿ ಅವಳ ತಾಯಿ ಕಾಲು ಉಳುಕಿಸಿಕೊಂಡಳೆಂದು ಸುದ್ದಿ ಬಂದು, ಮಗಳನ್ನೂ ಕರೆದುಕೊಂಡು ತವರಿಗೆ ಹೋಗಿದ್ದಳು. ಹೋಗುವಾಗ ಹೇಳಿದ್ದು ಒಂದೇ ಮಾತು. “ಬಂದ ತಾಟು ಬರಿದ ಕೊಡಬ್ಯಾಡ್ರಿ ಮತ್ತ. ಮಾರೋ ಕಡಿಂದ ರೊಟ್ಟಿ ತಂದು ಹಾಕ್ರಿ.”

ಡಾಕಪ್ಪ ಅಂಗಡಿಗೆ ರಜೆ ಹಾಕಿ ಬೆಳಿಗ್ಗೆ ಎಂಟಕ್ಕೇ ಚೀಲ ಹಿಡಿದು ಹೋದ. ಆ ದಿನ ಹಾವೇರಿಯಲ್ಲಿ ರೊಟ್ಟಿ ಮಾರುವ ಹೆಂಗಸರೆಲ್ಲ ತಂತಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಖಾನಾವಳಿಯ ಬಾಗಿಲು ಹಾಕಿತ್ತು. ಖಾಲಿ ಚೀಲದೊಂದಿಗೆ ತಿರುಗಿ ಬರುವಷ್ಟರಲ್ಲಿ ಕಟ್ಟೆಯ ಮೇಲೆ ನಾಲ್ಕು ತಾಟು ಬಂದು ಕೂತಿದ್ದವು: ನೀಲಗಂಗವ್ವನದು, ಎಡಮನೆಯ ಚಮನಬಿಯದು, ಟೇಲರ್ ಮನೆಯದು, ಮಾಸ್ತರ ಮನೆಯದು.

ನಾಲ್ಕು ತಾಟುಗಳ ಮುಂದೆ ಅವನು ಅರ್ಧ ತಾಸು ಕೂತ. ಉಂಡರೆ ಹತ್ತು ದಿನದ ತಪಸ್ಸು ಹಾಳು. ಚೆಲ್ಲಿದರೆ ಪಾಪ. ಬರಿ ತಾಟು ಕೊಡುವಂತಿಲ್ಲ, ಹಾಕಿ ಕೊಡಲು ಮನೆಯಲ್ಲಿ ಗಜ್ಜರಿಯ ಹೊರತು ಏನಿಲ್ಲ. ಇಂಥ ಸಂಕಟದಲ್ಲಿ ಮನುಷ್ಯ ತನಗೆ ಬರುವ ವಿದ್ಯೆಯ ಕಡೆಗೇ ತಿರುಗುತ್ತಾನೆ. ಡಾಕಪ್ಪನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಒಬ್ಬರು ತಂದ ಮಾಲನ್ನು ಮಿಶ್ರವಾಗದಂತೆ ಇನ್ನೊಬ್ಬರಿಗೆ ಮುಟ್ಟಿಸುವುದು.

ನೀಲಗಂಗವ್ವನ ರೊಟ್ಟಿ ಚಮನಬಿಗೆ, ಚಮನಬಿಯದು ಟೇಲರ್ ಮನೆಗೆ, ಟೇಲರದು ಮಾಸ್ತರಿಗೆ, ಮಾಸ್ತರದು ನೀಲಗಂಗವ್ವನಿಗೆ. ಎಲ್ಲರಿಗೂ ಬೇರೆಯವರ ರೊಟ್ಟಿ ಸಿಗುತ್ತದೆ, ಹಬ್ಬದ ಉದ್ದೇಶವೂ ಅದೇ ತಾನೆ. ತನ್ನ ಹೊಟ್ಟೆಯ ಬ್ಯಾಕ್ಟೀರಿಯಾ ಯಾರಿಗೂ ತಗಲಬಾರದೆಂದು ಮುಖಕ್ಕೆ ಮಾಸ್ಕ್ ಹಾಕಿ, ಕೈ ತೊಳೆದು, ರೊಟ್ಟಿಗಳನ್ನು ಇಕ್ಕಳದಿಂದ ಎತ್ತಿ, ಪಲ್ಯವನ್ನು ಹೊಸ ಚಮಚದಿಂದ ವರ್ಗಾಯಿಸಿದ. ಗಲಿಬಿಲಿಯಾಗದಂತೆ ಪ್ರತಿ ರಾಶಿಗೂ ಚೀಟಿ ಬರೆದಿಟ್ಟ. ಕೊಡುವ ಮುಂಚೆ ನಾಲ್ಕೂ ಚೀಟಿ ತೆಗೆದುಕೊಳ್ಳಬೇಕೆಂದು ತನಗೆ ತಾನೇ ಎರಡು ಸಲ ಹೇಳಿಕೊಂಡ. ಮೂರು ತೆಗೆದ. ಒಂದು ಎಣಗಾಯಿಯ ಎಣ್ಣೆಗೆ ರೊಟ್ಟಿಯ ಅಡಿಯಲ್ಲಿ ಅಂಟಿಕೊಂಡಿತ್ತು.

ಚಮನಬಿ ರೊಟ್ಟಿ ಮುರಿದಾಗ ಕೆಳಗೆ ಬಿದ್ದ ಚೀಟಿಯಲ್ಲಿ ಹೀಗಿತ್ತು:

ಲಾಟ್ ನಂ. ೧
ಮಾಲು: ಸಜ್ಜಿ ರೊಟ್ಟಿ ೪, ಎಣಗಾಯಿ, ಮಡಕಿ ಕಾಳು
ತಂದವರು: ನೀಲಗಂಗವ್ವ
ಹೋಗಬೇಕಾದ್ದು: ಚಮನಬಿ
ಷರಾ: ಕೈ ಮುಟ್ಟಿಲ್ಲ

ಚಮನಬಿ ನಗುವವಳು. ನಕ್ಕು ನಕ್ಕು ಸಾಕಾಗಿ, ಒಬ್ಬಳೇ ನಗುವುದು ಅನ್ಯಾಯವೆಂದು ಚೀಟಿ ಹಿಡಿದು ನೀಲಗಂಗವ್ವನ ಬಾಗಿಲಿಗೆ ಹೋದಳು. ಅಲ್ಲಿ ನೀಲಗಂಗವ್ವ, ತನ್ನ ತಾಟಿನಲ್ಲಿ ಮಾಸ್ತರ ಹೆಂಡತಿಯ ದಪ್ಪ ಅಂಚಿನ ರೊಟ್ಟಿ ಹೇಗೆ ಬಂತೆಂದು ಆಗಲೇ ಕನ್ನಡಕ ಹುಡುಕುತ್ತಿದ್ದಳು. ಓಣಿಯ ಹೆಂಗಸರಿಗೆ ಒಬ್ಬರ ರೊಟ್ಟಿ ಇನ್ನೊಬ್ಬರಿಗೆ ಮುಖದಷ್ಟೇ ಪರಿಚಯ ಎಂಬುದು, ಇಪ್ಪತ್ತೆರಡು ವರ್ಷ ಮೆಣಸಿನಕಾಯಿಯನ್ನಷ್ಟೇ ನೋಡಿದ ಡಾಕಪ್ಪನಿಗೆ ಹೊಳೆದಿರಲಿಲ್ಲ. ಚಮನಬಿ ಚೀಟಿಯನ್ನು ಗಟ್ಟಿಯಾಗಿ ಓದತೊಡಗಿದಳು. ಷರಾ ಓದಿ ಮುಗಿಸುವಷ್ಟರಲ್ಲಿ ನೀಲಗಂಗವ್ವನ ಮುಖ ನೋಡಿ ಅವಳ ನಗು ನಿಂತಿತು.

“ನನ್ನ ಅಡಗಿ ಕೈಲೆ ಸೈತ ಮುಟ್ಟಲಿಲ್ಲಂತ” ಎಂದಳು ನೀಲಗಂಗವ್ವ. ಒಳಗೆ ಹೋಗಿ ಹಬ್ಬದ ದಿನ ಊಟ ಮಾಡದೆ ಮಲಗಿಬಿಟ್ಟಳು.

ಒಬ್ಬ ಮನುಷ್ಯ ನಾಲ್ಕು ಮನೆಯ ರೊಟ್ಟಿಯನ್ನು ಮುಟ್ಟದೆ ದಾಟಿಸುತ್ತಾನೆಂದರೆ ಏನರ್ಥ ಎಂಬ ಬಗ್ಗೆ ಮಧ್ಯಾಹ್ನ ಓಣಿಯಲ್ಲಿ ಚರ್ಚೆಯಾಯಿತು. ಸಿಟ್ಟಿರಬೇಕೆಂದಳು ಟೇಲರನ ಹೆಂಡತಿ. ಸಿಟ್ಟಿರಲಾರದು, ಡಾಕಪ್ಪನಿಗೆ ಸಿಟ್ಟು ಮಾಡಲು ಧೈರ್ಯ ಸಾಲದು ಎಂದರು ಮಾಸ್ತರು. ಮಾಸ್ತರ ಅಭಿಪ್ರಾಯದಲ್ಲಿ, ಊರು ಬಿಡುವವನು ಮಾತ್ರ ಹೀಗೆ ಋಣ ಹರಿದುಕೊಳ್ಳುತ್ತಾನೆ. ಹೆಂಡತಿ ಮಕ್ಕಳನ್ನು ಆಗಲೇ ಕಳಿಸಿದ್ದಾನೆ, ಕೆಲಸ ಬ್ಯಾಡಗಿಯಲ್ಲಿದೆ, ಇನ್ನೇನು ಬೇಕು. ನಾಲ್ಕು ಗಂಟೆಗೆ ಡಾಕಪ್ಪ ಬ್ಯಾಡಗಿಯಲ್ಲಿ ಮನೆ ಹಿಡಿದಿದ್ದ. ಐದಕ್ಕೆ ಅದು ಸ್ವಂತ ಮನೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಅದಕ್ಕೆ ಮಾರ್ಬಲ್ ನೆಲ ಹಾಕಿಸಿ ಮುಗಿದಿತ್ತು.

ಆಗ ಹಾಲಿಗೆ ಹೊರಟಿದ್ದ ಮಾಸ್ತರು ಡಾಕಪ್ಪನನ್ನು ನಿಲ್ಲಿಸಿ, ಮುಹೂರ್ತ ಯಾವಾಗ ಇಟ್ಟುಕೊಂಡಿದ್ದೀರಿ ಎಂದು ಕೇಳಿದರು. ಏನು ಮುಹೂರ್ತವೆಂದು ಡಾಕಪ್ಪನಿಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳಿದರೆ ಮಾಸ್ತರಿಗೆ ಬೇಸರವಾದೀತೆಂದು, ಶ್ರಾವಣ ಮುಗಿಯಲಿ ನೋಡೋಣ್ರಿ ಎಂದ. ಅಲ್ಲಿಗೆ ಸುದ್ದಿ ಖಚಿತವಾಯಿತು.

ಮರುದಿನ ಬೆಳಿಗ್ಗೆ ಡಾಕಪ್ಪ ಹನ್ನೊಂದನೆಯ ದಿನದ ಮೊದಲ ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದಾಗ ವೀರೇಂದ್ರ ಗೌಂಡಿ ಲಕ್ಷ್ಮಪ್ಪನನ್ನು ಕರೆದುಕೊಂಡು ಬಂದ. ವೀರೇಂದ್ರನ ಮುಖದಲ್ಲಿ ಎಂದೂ ಇಲ್ಲದ ಪ್ರೀತಿ. ತೊಂದರೆ ಇಲ್ಲವಲ್ಲ ಕಾಕಾ, ಸ್ವಲ್ಪ ಅಳತೆ ತೆಗೆದುಕೊಳ್ಳುತ್ತೇವೆ ಎಂದ. ಮನೆಯ ಮಾಲೀಕರು ಅಳತೆ ತೆಗೆದರೆ ತನ್ನದೇನು ತಕರಾರು ಎಂದು ಡಾಕಪ್ಪ ದಾರಿ ಬಿಟ್ಟ. ಲಕ್ಷ್ಮಪ್ಪ ಟೇಪಿನ ಒಂದು ತುದಿ ಹಿಡಿಯಲು ಹೇಳಿದ, ಹಿಡಿದ. ಹತ್ತು ಫೂಟು ನಾಲ್ಕಿಂಚು ಎಂದು ಲಕ್ಷ್ಮಪ್ಪ ಕೂಗಿದ. ಡಾಕಪ್ಪನ ಮನಸ್ಸು ಒಪ್ಪಲಿಲ್ಲ.

“ನಾಕ ಅಲ್ರಿ, ನಾಕೂವರಿ ಅದ. ತಪ್ಪು ಬರಕೋಬ್ಯಾಡ್ರಿ.”

“ಖರೇ ಹೇಳಿದ್ರಿ. ಶಟರ್ ತಪ್ಪಿ ಬಂದ್ರ ವಾಪಸ್ ತಗೊಳ್ಳಂಗಿಲ್ಲ ಅವ್ರು.”

“ಯಾವ ಶಟರ್ ರಿ?”

ಆಗ ವೀರೇಂದ್ರ ಎಲ್ಲವನ್ನೂ ಬಿಡಿಸಿ ಹೇಳಿದ. ಬ್ಯಾಡಗಿಯ ಹೊಸ ಮನೆಗೆ ಶುಭವನ್ನೂ ಕೋರಿದ. ಡಾಕಪ್ಪ ಟೇಪಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿದ. ಆ ಟೇಪು ಮೂವತ್ತು ಫೂಟಿನದಾಗಿತ್ತು, ನೀಲಗಂಗವ್ವನ ಕಟ್ಟೆಯವರೆಗೆ ಸರಿಯಾಗಿ ಮುಟ್ಟಿತು.

ಕಟ್ಟೆಯ ಮೇಲೆ ನೀಲಗಂಗವ್ವ ಕೂತಿದ್ದಳು. ಒಂದು ಕಡೆ ಚಮನಬಿ, ಇನ್ನೊಂದು ಕಡೆ ಟೇಲರನ ಹೆಂಡತಿ, ಕೆಳಗಿನ ಮೆಟ್ಟಿಲ ಮೇಲೆ ಮಾಸ್ತರು. ತಾನು ಎಲ್ಲಿಗೂ ಹೋಗುತ್ತಿಲ್ಲ, ಬ್ಯಾಡಗಿಯಲ್ಲಿ ತನಗೆ ಕೂರಲು ಒಂದು ಸ್ಟೂಲು ಬಿಟ್ಟರೆ ಏನಿಲ್ಲ ಎಂದು ಡಾಕಪ್ಪ ಹೇಳಿದ. ಹಾಗಾದರೆ ಶ್ರಾವಣ ಮುಗಿಯಲೆಂದು ಯಾಕೆ ಹೇಳಿದಿರಿ ಎಂದು ಮಾಸ್ತರು ಪಾಟೀಸವಾಲು ಹಾಕಿದರು. ನೀವು ಕೇಳಿದಿರಿ ಎಂದು ಹೇಳಿದೆ ಎಂದ ಡಾಕಪ್ಪ. ಅದು ಖರೆಯಾಗಿತ್ತು, ಆದರೆ ಯಾರೂ ನಂಬಲಿಲ್ಲ.

“ಹನ್ನೊಂದು ವರ್ಷ ನನ್ನ ಕೈಯಾಗಿನ ರೊಟ್ಟಿ ಉಂಡಿ ಡಾಕಪ್ಪ” ಎಂದಳು ನೀಲಗಂಗವ್ವ. ದನಿ ಜೋರಿರಲಿಲ್ಲ, ಅದೇ ಅವನನ್ನು ಹೆದರಿಸಿತು. “ಹೋಗೂದಿದ್ರ ಹೋಗು, ಯಾರೂ ಕಟ್ಟಿ ಹಾಕಿಲ್ಲ. ನನ್ನ ರೊಟ್ಟಿ ನಿನಗ ಏನ್ ಮಾಡಿತ್ತು?”

“ಮನಿ ಬಿಡಾಕತ್ತಿಲ್ರಿ ಅವ್ವಾರ. ನಿಮ್ಮ ರೊಟ್ಟಿ ಮ್ಯಾಲೆ ಆಣಿ.”

“ಹಂಗಾರ ಉಣ್ಣು.”

ಅವಳು ತಾಟು ಸರಿಸಿದಳು. ಅದರಲ್ಲಿ ರೊಟ್ಟಿ, ಒಗ್ಗರಣೆಯ ಬೆಳ್ಳುಳ್ಳಿ ಮಿನುಗುವ ಮಡಕಿ ಕಾಳು, ಪಕ್ಕದಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ. ಉಂಡರೆ ಮನೆ ಉಳಿಯುತ್ತದೆ, ಕರುಳು ಕೆಡುತ್ತದೆ. ಉಣ್ಣದಿದ್ದರೆ ಕರುಳು ಉಳಿಯುತ್ತದೆ, ಆದರೆ ಅದನ್ನು ಹೊತ್ತುಕೊಂಡು ಹೋಗಲು ಮನೆ ಇರುವುದಿಲ್ಲ. ಡಾಕಪ್ಪ ಯೋಚಿಸುತ್ತ ನಿಂತ. ಮೂರು ದಿನದಿಂದ ಸುಮ್ಮನಿದ್ದ ಹೊಟ್ಟೆ, ಬೆಳ್ಳುಳ್ಳಿಯ ವಾಸನೆಗೋ ಭಯಕ್ಕೋ, ಆ ಗಳಿಗೆಯಲ್ಲಿ ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟಿತು. ಇನ್ನು ಮುಚ್ಚಿಡುವುದೇನೂ ಉಳಿಯಲಿಲ್ಲ.

“ನನ್ನ ಸಣ್ಣ ಕರಳಾಗ ಬ್ಯಾಕ್ಟೀರಿಯಾ ಹೆಚ್ಚಾಗ್ಯಾವ್ರಿ ಅವ್ವಾರ” ಎಂದ. “ಅರವತ್ತನಾಲ್ಕು.”

ನೀಲಗಂಗವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಟೇಲರನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. ಮಾಸ್ತರು ಏನೋ ನೆನಪಾದವರಂತೆ ಮೆಟ್ಟಿಲಿಂದ ಎದ್ದರು. ವೀರೇಂದ್ರ ಮಾತ್ರ 'ಶಟರಿಗೆ ಇವತ್ತೇ ಹೇಳಿಬಿಡೋಣ' ಎಂದು ಲಕ್ಷ್ಮಪ್ಪನ ಕಿವಿಯಲ್ಲಿ ಹೇಳಿದ. ಸರಿಯದೆ ಕೂತಿದ್ದವಳು ಚಮನಬಿ ಒಬ್ಬಳೇ. ಅಂಟುರೋಗವೋ ಅಲ್ಲವೋ ಎಂಬುದನ್ನು ಓಣಿಯವರು ತೀರ್ಮಾನಿಸುವುದಕ್ಕಿಂತ ಡಾಕ್ಟರನ್ನು ಕೇಳುವುದು ಒಳ್ಳೆಯದೆಂದು ಅವಳು ಹೇಳಿದಳು. ನಂಬರು ಎಲ್ಲಿದೆಯೆಂದು ಕೇಳಿ, ಡಾಕಪ್ಪನ ಕಿಸೆಯಿಂದ ಪಥ್ಯದ ಚೀಟಿ ಎಳೆದು, ತನ್ನ ಫೋನಿನಿಂದಲೇ ಒತ್ತಿ, ಸ್ಪೀಕರ್ ಹಾಕಿ ಕಟ್ಟೆಯ ನಡುವೆ ಇಟ್ಟಳು.

ಡಾಕ್ಟರ್ ಬೇನಜೀರ ಫೋನಿಗೆ ಬಂದರು. ಇದು ಅಂಟು ಅಲ್ಲವೇ ಅಲ್ಲ, ಅದೇ ನಳದ ನೀರು ಕುಡಿಯಿರಿ, ಅವರ ಪಕ್ಕದಲ್ಲೇ ಕೂತು ಉಣ್ಣಿರಿ ಎಂದರು. ನೀಲಗಂಗವ್ವನ ಸೆರಗು ಮೂಗು ಬಿಟ್ಟು ಇಳಿಯಲಿಲ್ಲ. ಆಗ ಡಾಕ್ಟರು, “ಬ್ಯಾಕ್ಟೀರಿಯಾ ಎಲ್ಲಾರ ಹೊಟ್ಟ್ಯಾಗೂ ಇರ್ತಾವ್ರಿ ಅಮ್ಮಾರ. ನಿಮ್ಮ ಹೊಟ್ಟ್ಯಾಗೂ ಅದಾವ” ಎಂದರು.

“ನಾ ದಿನಾ ಎರಡು ಸಲ ಜಳಕ ಮಾಡ್ತೇನಿ ಡಾಕ್ಟರ್ ಬಾಯಾರ.”

“ಮಾಡ್ರಿ. ಆದ್ರೂ ಅದಾವ, ಇರಬೇಕು. ನಿಮ್ಮವು ತಮ್ಮ ಜಾಗಾದಾಗ ಅದಾವ. ಡಾಕಪ್ಪಾರವು ತಮ್ಮದಲ್ಲದ ಜಾಗಾಕ್ಕ ಬಂದು ಕುಂತಾವ. ಗುಳಿಗಿ ಕೊಟ್ಟು ಹೊರಗ ಹಾಕಾಕತ್ತೇವಿ. ಅದಕ್ಕ ಹದಿನಾಲ್ಕು ದಿನ ಬೇಕು.”

ನೀಲಗಂಗವ್ವನ ಸೆರಗು ಕೆಳಗಿಳಿಯಿತು. ಅವಳು ಮಗನ ಕಡೆ ತಿರುಗಿದಳು.

“ಕೇಳಿದಿ? ಹೊಟ್ಟ್ಯಾಗ ಹೊಕ್ಕ ಹುಳಕ್ಕ ಸೈತ ಹದಿನಾಲ್ಕು ದಿನ ಟೈಮ್ ಕೊಡ್ತಾರ. ನೀ ಒಂದ ರಾತ್ರಿಗೆ ಗೌಂಡಿನ್ನ ಕರಕೊಂಡು ಬಂದಿ.”

ವೀರೇಂದ್ರ ಮೊಬೈಲು ತೆಗೆದು ನೋಡತೊಡಗಿದ. ಕಾಳು, ಉಳ್ಳಾಗಡ್ಡಿ, ರೊಟ್ಟಿ ಎಲ್ಲ ಬಿಟ್ಟಿದ್ದೇನೆ, ಅದಕ್ಕೇ ಉಣ್ಣಲಿಲ್ಲ ಎಂದು ಡಾಕಪ್ಪ ಈಗ ಹೇಳಿದ. ಆದರೆ ನೀಲಗಂಗವ್ವನ ಮನಸ್ಸಿನಲ್ಲಿ ಇನ್ನೂ ಒಂದು ಮುಳ್ಳಿತ್ತು. ಕಾಳು ಬೇಡವೆಂದರೆ ಬೇಡ, ಉಳ್ಳಾಗಡ್ಡಿ ಬೇಡವೆಂದರೆ ಬೇಡ. ಹನ್ನೊಂದು ವರ್ಷ ಉಂಡ ರೊಟ್ಟಿಯನ್ನೇ ಬಿಡು ಎನ್ನಲು ಡಾಕ್ಟರಿಗೆ ಹೇಗೆ ಮನಸ್ಸು ಬಂತು ಎಂದು ಫೋನಿಗೇ ಕೇಳಿದಳು.

ಅತ್ತ ಕಡೆಯಿಂದ ಡಾಕ್ಟರು ತಿರುಗಿ ಕೇಳಿದರು.

“ಜ್ವಾಳದ ರೊಟ್ಟಿ ಬ್ಯಾಡ ಅಂತ ಯಾರು ಹೇಳಿದ್ರು?”

ಎಲ್ಲರೂ ಡಾಕಪ್ಪನನ್ನು ನೋಡಿದರು. ಡಾಕಪ್ಪ ಚೀಟಿಯನ್ನು ನೋಡಿದ. ಅದರಲ್ಲಿ ಬಿಡಬೇಕಾದವು ಒಂದು ಸಾಲು, ಉಣ್ಣಬಹುದಾದವು ಒಂದು ಸಾಲು. ಜೋಳ ಎರಡರಲ್ಲೂ ಇರಲಿಲ್ಲ. ಹತ್ತು ದಿನದ ಹಿಂದೆ ರಾಣೆಬೆನ್ನೂರಿನಿಂದ ಬರುವ ಬಸ್ಸಿನಲ್ಲಿ ಅವನು ಇದನ್ನೇ ಯೋಚಿಸುತ್ತ ಬಂದಿದ್ದ. ಒಂದು ರೊಟ್ಟಿಗಾಗಿ ಡಾಕ್ಟರಿಗೆ ಫೋನು ಮಾಡುವುದು ಹೇಗೆ? ಉಣ್ಣು ಎಂದು ಬರೆದಿಲ್ಲವಾದ್ದರಿಂದ ಬಿಡುವುದೇ ಸಭ್ಯತೆ ಎಂದು ತೀರ್ಮಾನಿಸಿ, ಹತ್ತು ದಿನ ಬರಿ ಅನ್ನದ ಮೇಲೆ ನಿಂತಿದ್ದ.

“ಉಣ್ಣಬಹುದೇನ್ರಿ ಡಾಕ್ಟ್ರ?” ಎಂದ ಸಣ್ಣ ದನಿಯಲ್ಲಿ.

“ಎರಡು ಉಣ್ಣ್ರಿ, ತುಪ್ಪ ಹಚಗೊಂಡು. ಗುಳಿಗಿ ಮಾತ್ರ ಬಿಡಬ್ಯಾಡ್ರಿ.”

ರೊಟ್ಟಿಯನ್ನು ಊಟಕ್ಕೆ ಮೊದಲು ಉಣ್ಣಬೇಕೋ ಆಮೇಲೆ ಉಣ್ಣಬೇಕೋ ಎಂದು ಕೇಳಲು ಡಾಕಪ್ಪ ಬಾಯಿ ತೆರೆದ. ಚಮನಬಿ ಫೋನು ಇಟ್ಟುಬಿಟ್ಟಳು.

ನೀಲಗಂಗವ್ವ ಒಳಗೆ ಹೋಗಿ ಬಿಸಿ ಜೋಳದ ರೊಟ್ಟಿಯ ಮೇಲೆ ತುಪ್ಪ ಸುರಿದು ತಂದಳು. ತಾಟಿನಲ್ಲಿ ಕೊಡಲಿಲ್ಲ. ಅವನ ಕೈ ಹಿಡಿದು, ಟೇಪಿನ ತುದಿ ಬಿಡಿಸಿ, ಎರಡೂ ಅಂಗೈಯ ಮೇಲೆ ರೊಟ್ಟಿ ಇಟ್ಟಳು. ಓಣಿಯವರೆಲ್ಲ ನೋಡುತ್ತಿದ್ದಂತೆ ಡಾಕಪ್ಪ ಮೊದಲ ತುತ್ತು ಮುರಿದು ಬಾಯಿಗೆ ಹಾಕಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ರೊಟ್ಟಿ ಬಿಸಿಯಿತ್ತು ಎಂದು ಆಮೇಲೆ ಹೇಳಿದ.

ಬಂದದ್ದು ವ್ಯರ್ಥವಾಯಿತೇನೋ ಎಂಬಂತೆ ಲಕ್ಷ್ಮಪ್ಪ ಟೇಪು ಸುತ್ತತೊಡಗಿದ್ದ. ನೀಲಗಂಗವ್ವ ಅವನನ್ನು ನಿಲ್ಲಿಸಿದಳು. ಡಾಕಪ್ಪನ ಅಡುಗೆಮನೆಯ ಮಾಳಿಗೆ ಮೂರು ಮಳೆಗಾಲದಿಂದ ಸೋರುತ್ತಿದೆ, ಹೇಗೂ ಬಂದಿದ್ದೀ, ಅದರ ಅಳತೆ ತಗೋ, ವೀರೇಂದ್ರ ಇವತ್ತೇ ಸಿಮೆಂಟು ತಂದುಕೊಡುತ್ತಾನೆ ಎಂದಳು. ಲಕ್ಷ್ಮಪ್ಪ ಒಳಗೆ ಹೋಗಿ ಟೇಪು ಬಿಚ್ಚಿ, ಆ ತುದಿ ಹಿಡಿಯಲು ಯಾರಿದ್ದಾರೆಂದು ನೋಡಿದ. ಡಾಕಪ್ಪನ ಎರಡೂ ಕೈಯಲ್ಲಿ ರೊಟ್ಟಿಯಿದ್ದುದರಿಂದ ವೀರೇಂದ್ರನೇ ಹಿಡಿಯಬೇಕಾಯಿತು.